ಹಗ್ಗ ಕೊಡುವ ಮುನ್ನ ಹಣ

ಅಜ್ಜಂಪುರವೆಂದೊಡನೆ ಹಿರಿಯರಿಗೆ ನೆನಪಾಗುವುದು ಅಮೃತಮಹಲ್ ದನ. ಮೈಸೂರು ಅರಸರ ಬೆಣ್ಣೆ ಚಾವಡಿಯಲ್ಲಿ ಬೆಳೆದು, ಟಿಪ್ಪೂ ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ಆ ತಳಿಯ ಸಂವರ್ಧನ ಕೇಂದ್ರವು ಇಂದಿಗೂ ಆ ಊರಿನಲ್ಲಿದೆ. ಅಂತಹ ಸೀಮೆಯಲ್ಲಿ ರಾಸುಗಳನ್ನು ಕೊಳ್ಳುವುದೂ ಮಾರುವುದೂ ಒಂದು ವಿದ್ಯೆಯೇ ಆಗಿದ್ದಿತು. ಜಾತ್ರೆಯ ಬಯಲಿನಲ್ಲಿ ದಲ್ಲಾಳಿಯು ವಸ್ತ್ರದ ಮರೆಯಲ್ಲಿ ಬೆರಳುಗಳನ್ನು ಒತ್ತಿ ಬೆಲೆಯನ್ನು ತಿಳಿಸುತ್ತಿದ್ದನು. ಹಲ್ಲು ನೋಡಿ, ಸುಳಿ ನೋಡಿ, ನಡಿಗೆ ನೋಡಿ ವ್ಯಾಪಾರ ಕುದುರಿದ ಮೇಲೆ ಒಂದು ಕ್ಷಣ ಬರುತ್ತಿದ್ದಿತು. ಕೊಳ್ಳುವವನ ಕೈಯಿಂದ ಹಣ, ಮಾರುವವನ ಕೈಯಿಂದ ಹಗ್ಗ, ಎರಡೂ ನಾಲ್ಕು ಜನರ ಕಣ್ಣೆದುರಿಗೆ ಒಟ್ಟಿಗೆ ಕೈಬದಲಾಗುತ್ತಿದ್ದವು. ಹಣ ಎಣಿಸಿ ಮುಗಿಯುವ ತನಕ ರೈತನು ಹಗ್ಗದ ತುದಿಯನ್ನು ಬಿಡುತ್ತಿರಲಿಲ್ಲ. ಹಗ್ಗದ ಇನ್ನೊಂದು ತುದಿಯನ್ನು ಹಿಡಿಯದೆ ಗಿರಾಕಿಯೂ ಹಣದ ಗಂಟನ್ನು ಸಡಿಲಿಸುತ್ತಿರಲಿಲ್ಲ.

ಇಂದು ಕಡೂರಿನ ತೆಂಗಿನ ತೋಟದವರ ಅಂಗಳದಲ್ಲಿ, ತರೀಕೆರೆಯ ಅಡಕೆ ಬೆಳೆಗಾರರ ಮನೆಯ ಮುಂದೆ, ಅಜ್ಜಂಪುರದ ಈರುಳ್ಳಿ ಹೊಲಗಳ ಬದುವಿನ ಮೇಲೆ ನಿಂತಿರುವುದು ಕಾರು, ಟ್ರ್ಯಾಕ್ಟರು, ಮೋಟಾರು ಬೈಕು. ಇವೂ ಹಳತಾಗುತ್ತವೆ, ಇವೂ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುತ್ತವೆ. ಆದರೆ ವಿಚಿತ್ರವೆಂದರೆ, ಎತ್ತನ್ನು ಮಾರುವಾಗ ಅಷ್ಟೊಂದು ಎಚ್ಚರದಿಂದಿದ್ದ ಮನೆತನದವನೇ ಕಾರನ್ನು ಮಾರುವಾಗ ಮೈಮರೆಯುತ್ತಾನೆ. ಇದಕ್ಕೆ ಕಾರಣವಿಲ್ಲದಿಲ್ಲ. ಎತ್ತಿಗೆ ಇರುವುದು ಒಂದೇ ಹಗ್ಗ. ವಾಹನಕ್ಕೆ ಮೂರು ಹಗ್ಗಗಳುಂಟು. ಕೀಲಿಕೈ ಒಂದು, ರುಜು ಮಾಡಿದ ಕಾಗದ ಇನ್ನೊಂದು, ಸಾರಿಗೆ ಕಚೇರಿಯ ದಾಖಲೆಯಲ್ಲಿರುವ ಹೆಸರು ಮೂರನೆಯದು. ಹಣವೂ ಈಗ ಕಣ್ಣಿಗೆ ಕಾಣುವ ಗಂಟಾಗಿ ಉಳಿದಿಲ್ಲ. ಹೀಗಿರುವಾಗ ಯಾವುದನ್ನು ಮೊದಲು ಬಿಡಬೇಕು, ಯಾವುದನ್ನು ಕಡೆಯವರೆಗೆ ಹಿಡಿದುಕೊಂಡಿರಬೇಕು ಎಂಬುದೇ ಇಂದಿನ ವ್ಯಾಪಾರದ ಗುಟ್ಟು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಅಜ್ಜಂಪುರದ ಕಡೆಯ ಒಬ್ಬ ರೈತನು ತನ್ನ ಕಾರನ್ನು ಮಾರಬೇಕೆಂದಿದ್ದಾನೆ. ಮಗಳ ಕಾಲೇಜಿನ ಖರ್ಚಿಗೆ ಹಣ ಬೇಕಾಗಿದೆ. ಕಡೂರಿನ ಒಬ್ಬ ಶಾಲಾ ಉಪಾಧ್ಯಾಯನು ಅದನ್ನು ಕೊಳ್ಳಬೇಕೆಂದಿದ್ದಾನೆ. ಹಲವು ವರ್ಷ ಸಂಬಳದಲ್ಲಿ ಉಳಿಸಿದ ಹಣ ಅವನದು. ಬೆಲೆ 3,60,000 ರೂಪಾಯಿಗೆ ನಿಂತಿದೆ. ಕಾರಿನ ಮೇಲೆ ಇನ್ನೂ 90,000 ರೂಪಾಯಿ ಸಾಲದ ಬಾಕಿಯುಂಟು. ಇಬ್ಬರಿಗೂ ಮುಖಪರಿಚಯವಿಲ್ಲ, ಬೀರೂರಿನ ದಲ್ಲಾಳಿಯೊಬ್ಬನು ನಡುವೆ ನಿಂತಿದ್ದಾನೆ. ಮೂವರೂ ತರೀಕೆರೆಯ ಒಂದು ಕಾಫಿ ಹೋಟೆಲಿನಲ್ಲಿ ಕುಳಿತಿದ್ದಾರೆ.

"ಇದರಲ್ಲಿ ಯೋಚನೆ ಮಾಡುವುದೇನಿದೆ ಸ್ವಾಮಿ? ಮೇಷ್ಟ್ರು ಚೆಕ್ ಬರೆಯುತ್ತಾರೆ. ನೀವು ಫಾರಂಗಳಿಗೆ ರುಜು ಹಾಕಿ ಕೀಲಿಕೈ ಕೊಟ್ಟುಬಿಡಿ. ತಾರೀಖು, ಹೆಸರು ಎಲ್ಲವನ್ನೂ ಆಮೇಲೆ ತುಂಬಿಕೊಂಡರಾಯಿತು" ಎನ್ನುತ್ತಾನೆ ದಲ್ಲಾಳಿ.

ರೈತನ ಮನಸ್ಸು ಅಳುಕುತ್ತದೆ. ಆದರೆ ಎದುರಿಗೆ ಕುಳಿತಿರುವವರು ಮೇಷ್ಟ್ರು, "ನಿಮ್ಮ ಚೆಕ್ಕನ್ನು ನಂಬುವುದು ಹೇಗೆ?" ಎಂದು ಕೇಳಲು ಬಾಯಿ ಬರುವುದಿಲ್ಲ. ಮೇಷ್ಟ್ರಿಗೂ ಒಂದು ಅನುಮಾನವಿದೆ. "ಯಜಮಾನರೆ, ಸಾಲ ತೀರಿದ್ದಕ್ಕೆ ಕಾಗದವೆಲ್ಲಿ?" ಎಂದು ಕೇಳಬೇಕು, ವಯಸ್ಸಿನಲ್ಲಿ ಹಿರಿಯರು, ಏನೆಂದುಕೊಳ್ಳುವರೋ ಎಂದು ಸುಮ್ಮನಾಗುತ್ತಾನೆ. ಇಬ್ಬರೂ ಪ್ರಾಮಾಣಿಕರೇ. ಆದರೂ ಇಬ್ಬರ ದಾಕ್ಷಿಣ್ಯದ ನಡುವೆ ಒಂದು ಬಿರುಕು ಬಿಟ್ಟಿದೆ. ಮೋಸಗಾರನಿಗೆ ನುಸುಳಲು ಬೇಕಾದದ್ದು ಇಂತಹ ಬಿರುಕೇ. "ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ" ಎಂಬ ಗಾದೆಯು ಹುಟ್ಟಿದ್ದು ಇಂತಹ ಕಡೆಯಲ್ಲಿಯೇ ಇರಬೇಕು. ಆದುದರಿಂದ ಹಣ ಸಂದಾಯದ ಮಾರ್ಗವನ್ನು ಆರಿಸುವಾಗ ಎದುರಿಗಿರುವವನು ಒಳ್ಳೆಯವನೇ, ಕೆಟ್ಟವನೇ ಎಂದು ಅಳೆಯುತ್ತ ಕೂರಬೇಕಾದ್ದಿಲ್ಲ. ಅವನು ಕೆಟ್ಟವನಾಗಿದ್ದರೂ ನಷ್ಟವಾಗದಂತಹ ಮಾರ್ಗವೇ ಒಳ್ಳೆಯ ಮಾರ್ಗ. ಅವನು ಒಳ್ಳೆಯವನಾಗಿದ್ದರೆ ಅದರಿಂದ ಅವನಿಗೆ ಯಾವ ಅವಮಾನವೂ ಇಲ್ಲ.

ಮೊದಲು ನಗದಿನ ಮಾತು. ಕೈಯಲ್ಲಿ ನೋಟಿನ ಕಂತೆ ಬಿದ್ದರೆ ಅದಕ್ಕಿಂತ ಭದ್ರವಾದದ್ದು ಇನ್ನಾವುದುಂಟು ಎಂಬ ಭಾವನೆ ಹಳ್ಳಿಗಳಲ್ಲಿ ಬಲವಾಗಿದೆ. ಹದಿನೈದು ಇಪ್ಪತ್ತು ಸಾವಿರದ ಹಳೆಯ ಬೈಕಿಗೆ ಅದು ಸರಿಯೇ. ಆದರೆ ಒಂದು ವ್ಯವಹಾರಕ್ಕೆ ಸಂಬಂಧಿಸಿ ಒಬ್ಬರಿಂದ 2 ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ನಗದಾಗಿ ತೆಗೆದುಕೊಳ್ಳುವುದನ್ನು ಆದಾಯ ತೆರಿಗೆಯ ಕಾನೂನು 2017ರ ಏಪ್ರಿಲ್ 1ರಿಂದ ನಿಷೇಧಿಸಿದೆ. ಇಂದು ಒಂದು ಲಕ್ಷ, ನಾಳೆ ಒಂದು ಲಕ್ಷ, ನಾಡಿದ್ದು ಉಳಿದದ್ದು ಎಂದು ಹಂಚಿಕೊಂಡರೂ ವ್ಯವಹಾರ ಒಂದೇ ಆದುದರಿಂದ ನಿಷೇಧವು ತಪ್ಪುವುದಿಲ್ಲ. ದಂಡವಾದರೂ ಸಣ್ಣದಲ್ಲ, ಪಡೆದ ಹಣದಷ್ಟೇ ದಂಡ, ಅದೂ ಪಡೆದವನ ಮೇಲೆ. ಆದ್ದರಿಂದ ಅಜ್ಜಂಪುರದ ರೈತನು 3,60,000 ರೂಪಾಯಿಯನ್ನು ನೋಟುಗಳಲ್ಲಿ ಎಣಿಸಿಕೊಳ್ಳುವಂತಿಲ್ಲ. ಈ ಮಿತಿಯೊಳಗಿನ ನಗದಾದರೂ ಬಸ್ ನಿಲ್ದಾಣದಲ್ಲಿಯೋ ಹೊಲದಲ್ಲಿಯೋ ಎಣಿಸತಕ್ಕದ್ದಲ್ಲ. ಮಾರುವವನ ಬ್ಯಾಂಕಿನ ಕಿಟಕಿಯ ಮುಂದೆ ನಿಂತು, ಗುಮಾಸ್ತನ ಯಂತ್ರದಲ್ಲಿ ನೋಟುಗಳು ಎಣಿಕೆಯಾಗಿ ಖಾತೆಗೆ ಜಮೆಯಾದ ಮೇಲೆ ರಸೀತಿ ಬರೆದುಕೊಡುವುದು ಲೇಸು. ಖೋಟಾ ನೋಟಿನ ಭಯವೂ ದಾರಿಗಳ್ಳರ ಭಯವೂ ಅಲ್ಲಿಗೆ ತೀರುತ್ತದೆ.

ಎರಡನೆಯದು ಚೆಕ್. ಚೆಕ್ ಎಂಬುದು ಹಣವಲ್ಲ, ಹಣ ಕೊಡುವೆನೆಂಬ ಮಾತು. ಖಾತೆಯಲ್ಲಿ ಹಣವಿಲ್ಲದೆ ಅದು ಹಿಂದಿರುಗಿದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಮಿನಂತೆ ಅಪರಾಧವಾಗುತ್ತದೆ. ಎರಡು ವರ್ಷಗಳವರೆಗೆ ಸೆರೆಮನೆ, ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ಜುಲ್ಮಾನೆ, ಅಥವಾ ಎರಡೂ ವಿಧಿಸಬಹುದು. ಆದರೆ ಆ ದಾರಿ ಎಷ್ಟು ಉದ್ದವೆಂಬುದನ್ನು ನೋಡಬೇಕು. ಚೆಕ್ ಹಿಂದಿರುಗಿದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ನೋಟೀಸು ತಲುಪಿದ ಮೇಲೆ ಹಣ ಕಟ್ಟಲು 15 ದಿನಗಳ ಅವಕಾಶ. ಅದೂ ಕಳೆದ ಬಳಿಕ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು. ಆ ಮೇಲೆ ವಿಚಾರಣೆ. ಅಷ್ಟರಲ್ಲಿ ಕಾರು ಯಾವ ಜಿಲ್ಲೆಯನ್ನು ಸೇರಿರುವುದೋ ಬಲ್ಲವರಾರು? 2025ರ ಅಕ್ಟೋಬರ್ 4ರಿಂದ ರಿಸರ್ವ್ ಬ್ಯಾಂಕಿನ ಹೊಸ ಏರ್ಪಾಟಿನಲ್ಲಿ ಚೆಕ್ಕುಗಳ ತೀರುವಳಿಯು ಮೊದಲಿಗಿಂತ ಶೀಘ್ರವಾಗಿ, ಬಹುಮಟ್ಟಿಗೆ ಅದೇ ದಿನ ಆಗುತ್ತಿದೆ. ಅದು ಒಳ್ಳೆಯದೇ. ಆದರೆ ನಿಯಮ ಬದಲಾಗಿಲ್ಲ: ಚೆಕ್ ಕೈಗೆ ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯಬಾರದು, ಅದರ ಹಣ ತೀರುವಳಿಯಾಗಿ ಖಾತೆಗೆ ಬಂದ ದಿನವನ್ನೇ ಹಿಡಿಯಬೇಕು. ಅಲ್ಲಿಯವರೆಗೆ ಕೀಲಿಕೈ ಮಾರುವವನ ಜೇಬಿನಲ್ಲಿಯೇ ಇರತಕ್ಕದ್ದು.

ಡಿಮಾಂಡ್ ಡ್ರಾಫ್ಟು ಚೆಕ್ಕಿಗಿಂತ ಮೇಲು. ಅದನ್ನು ಬರೆಯುವವರು ಬ್ಯಾಂಕಿನವರು. ಹಣವನ್ನು ಮೊದಲೇ ಕಟ್ಟಿಸಿಕೊಂಡಿರುತ್ತಾರೆ. 2018ರ ಸೆಪ್ಟೆಂಬರ್ 15ರಿಂದ ಡ್ರಾಫ್ಟು ಕೊಂಡವನ ಹೆಸರನ್ನೂ ಅದರ ಮುಖದ ಮೇಲೆ ಮುದ್ರಿಸಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಆದರೂ ನಕಲಿ ಡ್ರಾಫ್ಟುಗಳು ಇಲ್ಲದಿಲ್ಲ. ಇಬ್ಬರೂ ಕೂಡಿ ಬ್ಯಾಂಕಿಗೆ ಹೋಗಿ, ಕಣ್ಣೆದುರಿಗೆ ಬರೆಸಿದ ಡ್ರಾಫ್ಟನ್ನು ನಂಬಬಹುದು. ಶನಿವಾರ ಸಂಜೆ, ಬ್ಯಾಂಕಿನ ಬಾಗಿಲು ಮುಚ್ಚಿದ ಮೇಲೆ, ಅಪರಿಚಿತನು ಚೀಲದಿಂದ ತೆಗೆದ ಡ್ರಾಫ್ಟನ್ನು ಸೋಮವಾರದವರೆಗೆ ಬರಿಯ ಕಾಗದವೆಂದೇ ಎಣಿಸಬೇಕು. ವಿಚಾರಿಸುವುದಾದರೂ ಡ್ರಾಫ್ಟು ತಂದವನು ಹೇಳಿದ ದೂರವಾಣಿಗೆ ಕರೆ ಮಾಡದೆ, ಶಾಖೆಗೇ ಹೋಗಿ ವಿಚಾರಿಸಬೇಕು.

ಇನ್ನು ಈಗ ಮನೆಮನೆಗೂ ಬಂದಿರುವ ಯುಪಿಐ. 2016ರಲ್ಲಿ ಆರಂಭವಾದ ಈ ಏರ್ಪಾಟು ಇಂದು ತರೀಕೆರೆಯ ಸಂತೆಯಲ್ಲಿ ಸೊಪ್ಪು ಮಾರುವವರವರೆಗೂ ಬಂದಿದೆ. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಇದರ ಮೂಲಕ ಕಳುಹಿಸಬಹುದಾದ ಮೊತ್ತ ಸಾಮಾನ್ಯವಾಗಿ 1 ಲಕ್ಷ ರೂಪಾಯಿಯವರೆಗೆ ಮಾತ್ರ. ಆದುದರಿಂದ ಬೈಕಿಗೂ ಸಂಚಕಾರಕ್ಕೂ ಇದು ತಕ್ಕದ್ದು. ಕಾರಿನ ಪೂರ್ಣ ಬೆಲೆಗೆ ಸಾಲದು. ಇದರಲ್ಲಿ ಎರಡು ಮಾತುಗಳನ್ನು ಕಲ್ಲಿನಲ್ಲಿ ಕೆತ್ತಿಟ್ಟಂತೆ ನೆನಪಿಡಬೇಕು. ಒಂದು, ಗುಟ್ಟಿನ ಅಂಕಿಯಾದ ಪಿನ್ನನ್ನು ಒತ್ತುವುದು ಹಣ ಕಳುಹಿಸಲಿಕ್ಕೆ. ಹಣ ಪಡೆಯಲು ಪಿನ್ ಬೇಕಾಗಿಯೇ ಇಲ್ಲ. "ಈ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ನಿಮಗೆ ಹಣ ಬರುತ್ತದೆ" ಎಂದು ಯಾರಾದರೂ ಹೇಳಿದರೆ, ಅವನು ಮಾರುವವನ ಖಾತೆಗೆ ಕನ್ನ ಕೊರೆಯುತ್ತಿದ್ದಾನೆಂದೇ ತಿಳಿಯಬೇಕು. ಎರಡು, ಕೊಳ್ಳುವವನು ತನ್ನ ಫೋನಿನಲ್ಲಿ ತೋರಿಸುವ "ಹಣ ಸಂದಾಯವಾಯಿತು" ಎಂಬ ಚಿತ್ರವೂ, ಎಲ್ಲಿಂದಲೋ ಬಂದ ಕಿರುಸಂದೇಶವೂ ಪುರಾವೆಯಲ್ಲ. ಅವುಗಳನ್ನು ಯಾರು ಬೇಕಾದರೂ ತಯಾರಿಸಬಹುದು. ಮಾರುವವನು ತನ್ನ ಖಾತೆಯ ಶಿಲ್ಕನ್ನು ತಾನೇ ತೆರೆದು ನೋಡಬೇಕು.

ದೊಡ್ಡ ಮೊತ್ತಕ್ಕೆ ಉಳಿಯುವ ರಾಜಮಾರ್ಗವೆಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ವರ್ಗಾವಣೆ. 2 ಲಕ್ಷ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಹಣಕ್ಕೆ ಆರ್‌ಟಿಜಿಎಸ್ ಇದೆ. ಅದಕ್ಕಿಂತ ಕಡಮೆಯದಕ್ಕೆ ಎನ್‌ಇಎಫ್‌ಟಿ ಅನುಕೂಲ. ಎನ್‌ಇಎಫ್‌ಟಿಯಲ್ಲಿ ಅರ್ಧ ಗಂಟೆಗೊಂದು ತಂಡವಾಗಿ ಹಣ ಸಾಗುತ್ತದೆ. ಆರ್‌ಟಿಜಿಎಸ್‌ನಲ್ಲಿ ಪ್ರತಿಯೊಂದೂ ಪ್ರತ್ಯೇಕವಾಗಿ, ಆ ಕ್ಷಣವೇ ಸಾಗುತ್ತದೆ. ಆದೇಶ ತಲುಪಿದ 30 ನಿಮಿಷಗಳೊಳಗೆ ಪಡೆಯುವವನ ಖಾತೆಗೆ ಜಮೆ ಮಾಡಬೇಕೆಂಬುದು ನಿಯಮ. 2 ಲಕ್ಷದಿಂದ 5 ಲಕ್ಷದವರೆಗೆ ಶಾಖೆಯ ಮೂಲಕ ಕಳುಹಿಸಲು ರಿಸರ್ವ್ ಬ್ಯಾಂಕು ಗೊತ್ತುಪಡಿಸಿದ ಗರಿಷ್ಠ ಶುಲ್ಕ 24 ರೂಪಾಯಿ 50 ಪೈಸೆ, ತೆರಿಗೆ ಬೇರೆ. ಪಡೆಯುವವನಿಗೆ ಖರ್ಚೇ ಇಲ್ಲ. ಒಮ್ಮೆ ಜಮೆಯಾದ ಹಣವನ್ನು ಚೆಕ್ಕಿನಂತೆ ಕೊಟ್ಟವನು ತಡೆಹಿಡಿಯಲಾರ. ಈ ಗುಣವೇ ಮಾರುವವನಿಗೆ ಅಭಯ, ಕೊಳ್ಳುವವನಿಗೆ ಎಚ್ಚರಿಕೆ. ತಪ್ಪು ಖಾತೆಗೆ ಹೋದ ಹಣವನ್ನು ಹಿಂದಕ್ಕೆ ತರುವುದು ಸುಲಭವಲ್ಲ. ಆದುದರಿಂದಲೇ, ಕಳುಹಿಸುವ ಮುನ್ನ ಖಾತೆದಾರನ ಹೆಸರನ್ನು ನೋಡಿ ದೃಢಪಡಿಸಿಕೊಳ್ಳುವ ಸೌಕರ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ತಿಳಿಸಿತು. ಆ ಹೆಸರೂ ವಾಹನದ ನೋಂದಣಿ ಪತ್ರದಲ್ಲಿರುವ ಹೆಸರೂ ಒಂದೇ ಆಗಿರಬೇಕು. ದಲ್ಲಾಳಿಯ ಖಾತೆಗೂ, ಮಾರುವವನ ಭಾವಮೈದುನನ ಖಾತೆಗೂ ಕಾರಿನ ಹಣ ಹೋಗಕೂಡದು.

ಕೊಳ್ಳುವವನನ್ನು ಕಾಡುವ ಇನ್ನೊಂದು ಬಗೆಯ ಮೋಸವುಂಟು. ಫೋನಿನಲ್ಲಿ ಅಗ್ಗದ ಬೆಲೆಯ ಸ್ಕೂಟರಿನ ಚಿತ್ರ; ಮಾರುವವನು ತಾನು ಸೈನ್ಯದಲ್ಲಿರುವುದಾಗಿಯೂ ಬೇರೆ ಕಡೆಗೆ ವರ್ಗವಾಗಿರುವುದಾಗಿಯೂ ಹೇಳುತ್ತಾನೆ; ವಾಹನವನ್ನು ಕಳುಹಿಸಲು ಮುಂಗಡ ಬೇಕೆನ್ನುತ್ತಾನೆ. ಮುಂಗಡ ಹೋಗುತ್ತದೆ, ಸ್ಕೂಟರು ಬರುವುದಿಲ್ಲ. ಎತ್ತಿನ ಹಲ್ಲನ್ನು ನೋಡದೆ ಯಾರಾದರೂ ಸಂಚಕಾರ ಕೊಡುವರೆ? ವಾಹನವನ್ನು ಮುಟ್ಟಿ ನೋಡದೆ, ಚಾಸಿ ಸಂಖ್ಯೆಯನ್ನು ನೋಂದಣಿ ಪತ್ರದೊಡನೆ ತಾಳೆ ನೋಡದೆ ಒಂದು ಕಾಸನ್ನೂ ಕೊಡತಕ್ಕದ್ದಲ್ಲ. ಒಂದು ವೇಳೆ ಹಣ ಹೋಗಿಯೇಬಿಟ್ಟರೆ ನಾಚಿಕೆಯಿಂದ ಮನೆಯಲ್ಲಿ ಕೂರದೆ, ಆ ಗಳಿಗೆಯಲ್ಲಿಯೇ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು. ತಡವಾದಷ್ಟೂ ಹಣವು ಖಾತೆಯಿಂದ ಖಾತೆಗೆ ಹಾರಿ ಕಾಣದಾಗುತ್ತದೆ.

ಸಾಲದ ಬಾಕಿಯ ವಿಷಯವು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಸಾಲ ಕೊಟ್ಟವರ ಹೆಸರು ನೋಂದಣಿ ಪತ್ರದಲ್ಲಿ ಇರುವ ತನಕ ಅವರ ಒಪ್ಪಿಗೆಯಿಲ್ಲದೆ ಹೆಸರು ಬದಲಾಗದು. ಕೊಳ್ಳುವವನು ಪೂರ್ಣ ಬೆಲೆಯನ್ನು ಮಾರುವವನಿಗೇ ಕೊಟ್ಟು, ಅವನು ಅದನ್ನು ಬೇರೆ ಅವಸರಕ್ಕೆ ಬಳಸಿಕೊಂಡರೆ, ಕಾರು ಒಬ್ಬರಲ್ಲಿ, ಸಾಲ ಇನ್ನೊಬ್ಬರಲ್ಲಿ, ಜಗಳ ಇಬ್ಬರಲ್ಲಿಯೂ ಉಳಿಯುತ್ತದೆ. ಆದುದರಿಂದ ಬಾಕಿಯ ಹಣವನ್ನು ಕೊಳ್ಳುವವನು ನೇರವಾಗಿ ಸಾಲದ ಖಾತೆಗೇ ಕಟ್ಟಿ ರಸೀತಿ ಪಡೆಯಬೇಕು. ಸಾಲ ತೀರಿತೆಂಬ ಪತ್ರವೂ, ಸಾಲ ಕೊಟ್ಟವರು ರುಜು ಮಾಡಿದ 35ನೆಯ ನಮೂನೆಯೂ ಬಂದ ಮೇಲೆಯೇ ಉಳಿದ ಹಣದ ಮಾತು. ಈ ನಡುವಣ ಕೆಲವು ದಿನಗಳಿಗಾಗಿ, ಬೆಲೆಯೆಷ್ಟು, ಸಂದದ್ದೆಷ್ಟು, ಉಳಿದದ್ದೆಷ್ಟು, ವ್ಯಾಪಾರ ಮುರಿದರೆ ಹಣ ಹಿಂದಿರುಗುವ ಬಗೆ ಹೇಗೆ ಎಂಬುದನ್ನು ಬರೆದು ಇಬ್ಬರೂ ಸಾಕ್ಷಿಗಳ ಮುಂದೆ ರುಜು ಮಾಡಿಕೊಳ್ಳಬೇಕು.

ಹಣದ ಮಾತು ಮುಗಿದರೆ ಮೂರನೆಯ ಹಗ್ಗದ ಮಾತು ಉಳಿಯುತ್ತದೆ. ಹಣ ಪೂರ್ತಿ ಬಂತು, ಕಾರು ಹೋಯಿತು, ಇನ್ನು ತನಗೇನು ಎಂದು ಮಾರಿದವನು ಕೈತೊಳೆದುಕೊಳ್ಳುವುದೇ ಹೆಚ್ಚು. ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಮೊಕದ್ದಮೆಯನ್ನು ಅಂತಹವರು ಕೇಳಬೇಕು. ಒಬ್ಬನು 2007ರಲ್ಲಿ ತನ್ನ ಕಾರನ್ನು ಮಾರಿದನು. ಅದು ಅಲ್ಲಿಂದ ಮತ್ತೊಬ್ಬನಿಗೆ, ಅವನಿಂದ ಇನ್ನೊಬ್ಬನಿಗೆ ಹೋಯಿತು. ದಾಖಲೆಯಲ್ಲಿ ಮಾತ್ರ ಮೊದಲಿನವನ ಹೆಸರೇ ಉಳಿದಿದ್ದಿತು. 2009ರ ಮೇ ತಿಂಗಳಲ್ಲಿ ಆ ಕಾರಿನಿಂದ ಅಪಘಾತವಾಗಿ ಪ್ರಾಣಹಾನಿಯಾಯಿತು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಕಾನೂನಿನ ಕಣ್ಣಿಗೆ ಮಾಲೀಕನು, ಪರಿಹಾರದ ಹೊಣೆಯೂ ಅವನದೇ ಎಂದು 2018ರ ಫೆಬ್ರವರಿ 6ರಂದು ನ್ಯಾಯಾಲಯವು ತೀರ್ಪಿತ್ತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ತೋರಬಹುದು. ಆದರೆ ಗಾಯಗೊಂಡವರು ಕೈಯಿಂದ ಕೈಗೆ ಹೋದ ವಾಹನದ ಹಿಂದೆ ಮಾಲೀಕನನ್ನು ಹುಡುಕುತ್ತ ಅಲೆಯಬಾರದೆಂಬುದು ಆ ತೀರ್ಪಿನ ತಿರುಳು.

ಆದುದರಿಂದ ತಾರೀಖಿಲ್ಲದ, ಹೆಸರಿಲ್ಲದ ಫಾರಂಗಳಿಗೆ ರುಜು ಹಾಕಿಕೊಡುವುದು ಬರಿಯ ಚೆಕ್ಕಿಗೆ ರುಜು ಹಾಕಿದಂತೆಯೇ ಸರಿ. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ, ರಾಜ್ಯದೊಳಗೇ ಮಾರಾಟವಾದಾಗ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಸಾರಿಗೆ ಕಚೇರಿಗೆ ವರದಿ ಮಾಡಬೇಕು. ಅದಕ್ಕೆ 29 ಮತ್ತು 30ನೆಯ ನಮೂನೆಗಳಿವೆ. ವಿಮೆಯ ಹೆಸರು ಬದಲಾವಣೆಗೆ ಕೊಂಡವನು 14 ದಿನಗಳೊಳಗೆ ವಿಮಾ ಕಂಪನಿಗೆ ಬರೆಯಬೇಕು. ಈ ಸೀಮೆಯವರಿಗೆ ದೂರ ಹೋಗಬೇಕಾದ ಕಷ್ಟವಿಲ್ಲ; ಕೆಎ 66 ಎಂಬ ಗುರುತಿನ ಸಾರಿಗೆ ಕಚೇರಿ ತರೀಕೆರೆಯಲ್ಲಿಯೇ ಇದೆ. ಕೀಲಿಕೈ ಕೊಟ್ಟ ದಿನಾಂಕವನ್ನಷ್ಟೇ ಅಲ್ಲ, ಗಂಟೆ ನಿಮಿಷಗಳನ್ನೂ ಬರೆದು ಇಬ್ಬರೂ ರುಜು ಮಾಡಿದ ಒಂದು ರಸೀತಿಯನ್ನು ಮಾಡಿಕೊಳ್ಳುವುದು ಜಾಣತನ. ಫಾಸ್ಟ್ಯಾಗನ್ನು ಮುಚ್ಚಿಸುವುದನ್ನೂ ಮಾರಿದವನು ಮರೆಯಬಾರದು. ಇಲ್ಲವಾದರೆ ಕಾರು ಇನ್ನೊಬ್ಬರದು, ಸುಂಕ ಇವನದು.

ಈಗ ತರೀಕೆರೆಯ ಹೋಟೆಲಿಗೆ ಹಿಂದಿರುಗಬಹುದು. ದಲ್ಲಾಳಿಯ ಮಾತು ಮುಗಿದ ಮೇಲೆ ಮೇಷ್ಟ್ರೇ ಧೈರ್ಯ ಮಾಡಿ, "ಯಜಮಾನರೆ, ತಪ್ಪು ತಿಳಿಯಬೇಡಿ. ನಿಮಗೂ ಭಯ ಬೇಡ, ನನಗೂ ಭಯ ಬೇಡ, ಕ್ರಮವಾಗಿ ಮಾಡೋಣ" ಎಂದನೆಂದು ಇಟ್ಟುಕೊಳ್ಳಬಹುದು. ಆ ದಿನ 10,000 ರೂಪಾಯಿ ಸಂಚಕಾರ ಯುಪಿಐ ಮೂಲಕ ಸಲ್ಲುತ್ತದೆ. ಕರಾರಿಗೆ ಇಬ್ಬರೂ ರುಜು ಮಾಡುತ್ತಾರೆ. ಮರುದಿನ 90,000 ರೂಪಾಯಿ ಮೇಷ್ಟ್ರ ಖಾತೆಯಿಂದ ನೇರವಾಗಿ ಸಾಲದ ಖಾತೆಗೆ ಹೋಗುತ್ತದೆ. ಸಾಲ ತೀರಿದ ಪತ್ರ ಬಂದ ಮೇಲೆ ಒಂದು ಕೆಲಸದ ದಿನ, ಬೆಳಗ್ಗೆಯೇ, ಇಬ್ಬರೂ ಕಡೂರಿನಲ್ಲಿ ಮೇಷ್ಟ್ರ ಬ್ಯಾಂಕಿನಲ್ಲಿ ಸೇರುತ್ತಾರೆ. ಫಾರಂಗಳು ಹೆಸರು ತಾರೀಖುಗಳೊಡನೆ ತುಂಬಿ ಮೇಜಿನ ಮೇಲಿವೆ. ಮೇಷ್ಟ್ರು ಓದಿ ನೋಡಿಯಾಗಿದೆ. ರುಜು ಮಾತ್ರ ಬಾಕಿ. 2,60,000 ರೂಪಾಯಿಯ ಆರ್‌ಟಿಜಿಎಸ್ ಚೀಟಿಯನ್ನು ಮೇಷ್ಟ್ರು ಕಿಟಕಿಯೊಳಗೆ ಕೊಡುತ್ತಾನೆ. ಇಬ್ಬರೂ ಬೆಂಚಿನ ಮೇಲೆ ಕುಳಿತು ಮಳೆ ಬೆಳೆಯ ಮಾತನಾಡುತ್ತಾರೆ. ಸ್ವಲ್ಪ ಹೊತ್ತಿಗೆ ರೈತನು ತನ್ನ ಖಾತೆಯನ್ನು ತೆರೆದು ನೋಡುತ್ತಾನೆ.

"ಬಂತು ಮೇಷ್ಟ್ರೆ" ಎನ್ನುತ್ತಾನೆ.

ಆ ಒಂದು ಮಾತಾದ ಮೇಲೆ ರುಜು ಬೀಳುತ್ತದೆ, ರಸೀತಿಯಲ್ಲಿ ಗಂಟೆ ಬರೆಯಲಾಗುತ್ತದೆ, ಕೀಲಿಕೈ ಕೈಬದಲಾಗುತ್ತದೆ. ಮಧ್ಯಾಹ್ನದೊಳಗೆ ಇಬ್ಬರೂ ಅದೇ ಕಾರಿನಲ್ಲಿ ಬೀರೂರಿನ ಮೇಲೆ ತರೀಕೆರೆಯ ಸಾರಿಗೆ ಕಚೇರಿಗೆ ಹೋಗುತ್ತಾರೆ. ಹೋಗುವಾಗ ಕಾರನ್ನು ನಡೆಸುವವನು ಹೊಸ ಮಾಲೀಕ. ಪಕ್ಕದಲ್ಲಿ ಕುಳಿತವನು ಗೇರು ಹೇಗೆ ಬೀಳುತ್ತದೆ, ಚಳಿಗಾಲದಲ್ಲಿ ಇಂಜಿನು ಹೇಗೆ ಹಟ ಮಾಡುತ್ತದೆ ಎಂಬುದನ್ನೆಲ್ಲ ತನ್ನ ಮನೆಯ ರಾಸಿನ ಗುಣವನ್ನು ಹೇಳುವಂತೆ ಹೇಳಿಕೊಡುತ್ತಾನೆ. ಅನುಮಾನಕ್ಕೆ ಎಡೆಯಿಲ್ಲದ ವ್ಯವಹಾರದಿಂದ ಸ್ನೇಹವು ಕೆಡುವುದಿಲ್ಲ. ಬಹುಮಟ್ಟಿಗೆ ಅದು ಹುಟ್ಟುವುದೇ ಅಲ್ಲಿ.